ಅಳಿಸಬಾರದ ಗೆರೆ, ತೊಳೆಯಬೇಕಾದ ಮೈ

ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಶುರುವಾಗುವ ಮುನ್ನ ರೋಗಿಯ ಮೈಮೇಲೆ ಗೆರೆ ಎಳೆಯುತ್ತಾರೆ. ಎದೆಯ ಮೇಲೋ, ಕತ್ತಿನ ಪಕ್ಕದಲ್ಲೋ, ಕಿಬ್ಬೊಟ್ಟೆಯ ಕೆಳಗೋ, ನೇರಳೆ ಇಲ್ಲವೇ ಕಡುಗೆಂಪು ಬಣ್ಣದ ಮೂರೋ ನಾಲ್ಕೋ ಗೆರೆ. ಕಿರಣ ಬೀಳಬೇಕಾದ ಜಾಗದ ಗುರುತು ಅದು. ಎಳೆದವರು ಒಂದು ಮಾತು ಹೇಳಿ ಕಳಿಸುತ್ತಾರೆ: "ಅಮ್ಮಾ, ಇದು ಅಳಿಸದ ಹಾಗೆ ನೋಡ್ಕೊಳ್ಳಿ." ಹೇಳಿದ್ದು ಸರಿಯಾಗಿಯೇ ಇದೆ, ಗುರುತು ಒಂದು ಬೆರಳಿನಷ್ಟು ಆಚೀಚೆಯಾದರೂ ಕಿರಣ ಬೇರೆ ಕಡೆ ಬೀಳುತ್ತದೆ. ಆದರೆ ಆ ಮಾತು ಆಸ್ಪತ್ರೆಯ ಬಾಗಿಲು ದಾಟಿ, ಬಸ್ಸು ಹತ್ತಿ, ಊರು ಸೇರುವಷ್ಟರಲ್ಲಿ ಬೇರೆಯೇ ಆಗಿಬಿಟ್ಟಿರುತ್ತದೆ. "ಮೈಗೆ ನೀರು ಸೋಕಿಸಬಾರದಂತೆ." ಐದಾರು ವಾರ, ಅದೂ ಯುಗಾದಿ ಕಳೆದ ಮೇಲಿನ ಬಿಸಿಲಿನಲ್ಲಿ, ಒಂದು ಜೀವ ಎದೆಗೂ ಕಂಕುಳಿಗೂ ನೀರು ಮುಟ್ಟಿಸದೆ ಕೂರುತ್ತದೆ. ಬೆವರು, ಧೂಳು, ಹಚ್ಚಿದ ಎಣ್ಣೆ, ಉದುರಿದ ಚರ್ಮದ ಪುಡಿ ಎಲ್ಲವೂ ಅಲ್ಲೇ ಉಳಿಯುತ್ತವೆ. ನಾಲ್ಕನೆಯ ವಾರಕ್ಕೆ ಅಲ್ಲಿ ವಾಸನೆ ಬರುತ್ತದೆ, ನೀರೊಡೆಯುತ್ತದೆ. ಆಮೇಲೆ ಮನೆಯವರು ಹೇಳುವುದು ಒಂದೇ ಮಾತು, "ನಂಜಾಗ್ಬುಟ್ಟದೆ."

ಇಂಥ ರೋಗಿಗಳು ಹೋಗಿಬರುವ ಊರುಗಳಲ್ಲೊಂದಾದ ಹದಿನಾರು ಎಂಬ ಹಳ್ಳಿ ಇರುವುದು ನಂಜನಗೂಡು ತಾಲ್ಲೂಕಿನಲ್ಲಿ. 1399ರಲ್ಲಿ ಯದುರಾಯ, ಕೃಷ್ಣರಾಯರೆಂಬ ಅಣ್ಣತಮ್ಮಂದಿರು ಬಂದು ಮೈಸೂರು ಒಡೆಯರ ವಂಶಕ್ಕೆ ಬುನಾದಿ ಹಾಕಿದ ಕಥೆಯ ಹದಿನಾಡು ಇದೇ ಊರು. ಚಳಿಗಾಲದಲ್ಲಿ ಇದರ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಒಂದು ಕಡೆಗೆ ನಂಜನಗೂಡು, ಇನ್ನೊಂದು ಕಡೆಗೆ ತಿರುಮಕೂಡಲು ನರಸೀಪುರ. ಎರಡೂ ತಾಲ್ಲೂಕು ಕೇಂದ್ರಗಳೇ. ಆದರೆ ವಿಕಿರಣ ಯಂತ್ರ ಬೇಕೆಂದರೆ ಈ ಸೀಮೆಯವರು ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಹಳ್ಳಿಗಳಲ್ಲಿ ಈ ಚಿಕಿತ್ಸೆಗೆ ವಿಕಿರಣ ಎಂಬ ಹೆಸರಿಲ್ಲ, ಅದು "ಕರೆಂಟ್". "ಕರೆಂಟ್ ಕೊಡ್ತಾವ್ರೆ ಕನವ್ವ, ಇನ್ನೂ ಹದಿನೆಂಟು ಅದೆ" ಎಂದು ಲೆಕ್ಕ ಹೇಳುತ್ತಾರೆ. ವಾರಕ್ಕೆ ಐದು ದಿನ, ಒಟ್ಟು ಇಪ್ಪತ್ತೈದೋ ಮೂವತ್ತೋ ಮೂವತ್ತೈದೋ ಸಲ. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ, ಹೋಗಿಬರುವುದಕ್ಕೆ ಅರ್ಧ ದಿನ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದದ್ದು ಇಂಥ ಎಷ್ಟೋ ಅವ್ವಂದಿರಿಗೆ ದೊಡ್ಡ ನೆರವು. ಆದರೂ ನೂಕುನುಗ್ಗಲಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಾಗ ಕಂಕುಳ ಚರ್ಮ ಕುಪ್ಪಸಕ್ಕೆ ಉಜ್ಜುತ್ತಲೇ ಇರುತ್ತದೆ.

ನಂಜು ಎಂಬ ಮಾತನ್ನು ಇಲ್ಲಿ ಸುಮ್ಮನೆ ದಾಟುವಂತಿಲ್ಲ. ವಿಷವನ್ನು ಉಂಡವನು ನಂಜುಂಡ, ಅವನ ಊರು ನಂಜನಗೂಡು. ಹಳೆಯ ಹೆಸರು ಗರಳಪುರಿ. ಕಣ್ಣು ಕಾಣದಾದ ತನ್ನ ಪಟ್ಟದಾನೆಗೆ ಇಲ್ಲಿ ಗುಣವಾಯಿತೆಂದು ಟಿಪ್ಪು ಸುಲ್ತಾನ ಈ ದೇವರನ್ನು ಹಕೀಂ ನಂಜುಂಡ ಎಂದು ಕರೆದನೆಂಬುದು ಐತಿಹ್ಯ. ಅದೇ ನಂಜು ಊರ ಮಾತಿನಲ್ಲಿ ಗಾಯ ಕೀವಾಗುವುದಕ್ಕೂ ಹೆಸರು. ವೈದ್ಯರು ಸೋಂಕು ಎನ್ನುವುದನ್ನು ಅಜ್ಜಿಯರು ನಂಜು ಎನ್ನುತ್ತಾರೆ. ಇಬ್ಬರೂ ಒಂದೇ ಗಾಯವನ್ನು ನೋಡುತ್ತಿರುತ್ತಾರೆ, ಆದರೆ ಇಬ್ಬರ ಲೆಕ್ಕ ಬೇರೆ. ಅಜ್ಜಿಯ ಲೆಕ್ಕದಲ್ಲಿ ನಂಜು ಬರುವುದು ತಿಂದ ಬದನೆಕಾಯಿಯಿಂದ, ಮೀನಿನಿಂದ, ಸೋಕಿದ ನೀರಿನಿಂದ. ವೈದ್ಯರ ಲೆಕ್ಕದಲ್ಲಿ ಅದು ಬರುವುದು ಎಷ್ಟೋ ಸಲ ರೋಗಿಯ ಮೂಗಿನೊಳಗಿಂದ. ಆ ಮಾತಿಗೆ ಬರುವ ಮೊದಲು ಕಿರಣ ಚರ್ಮಕ್ಕೆ ಏನು ಮಾಡುತ್ತದೆ ಎಂಬುದನ್ನು ನೋಡಬೇಕು.

ಅದನ್ನು ಮೊದಮೊದಲು ಕಂಡವರು ವಿಜ್ಞಾನಿಗಳೇ, ಅದೂ ತಮ್ಮ ಮೈಮೇಲೆ. ರಾಂಟ್ಜನ್ ಎಕ್ಸ್-ಕಿರಣವನ್ನು ಕಂಡದ್ದು 1895ರ ನವೆಂಬರಿನಲ್ಲಿ. ಮೇರಿ ಮತ್ತು ಪಿಯೆರ್ ಕ್ಯೂರಿ ದಂಪತಿ ರೇಡಿಯಂ ಇದೆಯೆಂದು ಸಾರಿದ್ದು 1898ರಲ್ಲಿ. ಹೆನ್ರಿ ಬೆಕೆರೆಲ್ 1901ರಲ್ಲಿ ರೇಡಿಯಂ ಇದ್ದ ಪುಟ್ಟ ಗಾಜಿನ ಕೊಳವೆಯೊಂದನ್ನು ಒಳಅಂಗಿಯ ಜೇಬಿನಲ್ಲಿಟ್ಟುಕೊಂಡು ಕೆಲವು ಗಂಟೆ ಓಡಾಡಿದರು. ಆಗ ಏನೂ ಆಗಲಿಲ್ಲ. ಕೆಲವು ದಿನ ಕಳೆದ ಮೇಲೆ ಜೇಬಿಗೆ ಸರಿಯಾಗಿ ಹೊಟ್ಟೆಯ ಚರ್ಮ ಕೆಂಪಾಯಿತು, ಆಮೇಲೆ ಹುಣ್ಣಾಯಿತು. ಅದೇ ಕಾಲದಲ್ಲಿ ಪಿಯೆರ್ ಕ್ಯೂರಿ ಬೇಕೆಂದೇ ತಮ್ಮ ತೋಳಿಗೆ ಹತ್ತು ಗಂಟೆ ರೇಡಿಯಂ ಕಟ್ಟಿಕೊಂಡರು. ಮೊದಲು ಕೆಂಪು, ಆಮೇಲೆ ಗಾಯ. 52ನೆಯ ದಿನಕ್ಕೂ ಸುಮಾರು ಒಂದು ಚದರ ಸೆಂಟಿಮೀಟರಿನಷ್ಟು ಗಾಯ ಮಾಯದೆ ಉಳಿದಿತ್ತು. ಇಬ್ಬರೂ ಸೇರಿ ಅದೇ ವರ್ಷ ಇದನ್ನು ವರದಿಯಾಗಿ ಪ್ರಕಟಿಸಿದರು. ಚರ್ಮವನ್ನು ಕೊಲ್ಲಬಲ್ಲ ಕಿರಣ ಗೆಡ್ಡೆಯನ್ನೂ ಕೊಲ್ಲಬಹುದು ಎಂಬ ಆಸೆ ಚಿಗುರಿದ್ದು ಇಂಥ ಗಾಯಗಳಿಂದಲೇ. ಕಿರಣವನ್ನು ಅಳೆಯುವ ನಂಬುಗೆಯ ಉಪಕರಣ ಬರುವವರೆಗೂ ಎಷ್ಟೋ ವರ್ಷ ವೈದ್ಯರು ಚರ್ಮ ಕೆಂಪಾಗುವುದನ್ನೇ ಅಳತೆಯಾಗಿ ಬಳಸುತ್ತಿದ್ದರು.

ಈಗಿನ ಯಂತ್ರಗಳು ಅಷ್ಟು ಒರಟಲ್ಲ. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್-60ರ ಚಿಕಿತ್ಸೆ ಶುರುವಾಯಿತು. ಆಮೇಲೆ ಲಿನಿಯರ್ ಆಕ್ಸಿಲರೇಟರುಗಳು ಬಂದವು. ಕೋಬಾಲ್ಟ್ ಕಿರಣದ ಪೂರ್ತಿ ಹೊಡೆತ ಬೀಳುವುದು ಚರ್ಮದ ಕೆಳಗೆ ಸುಮಾರು ಅರ್ಧ ಸೆಂಟಿಮೀಟರಿನಲ್ಲಿ. ಸಾಮಾನ್ಯವಾಗಿ ಬಳಸುವ ಆರು ಮೆಗಾವೋಲ್ಟಿನ ಲಿನಿಯರ್ ಆಕ್ಸಿಲರೇಟರಿನಲ್ಲಿ ಸುಮಾರು ಒಂದೂವರೆ ಸೆಂಟಿಮೀಟರಿನಲ್ಲಿ. ಹಾಗಾಗಿ ಮೇಲ್ಚರ್ಮ ಒಂದಿಷ್ಟು ಉಳಿದುಕೊಳ್ಳುತ್ತದೆ. ಆದರೆ ಮೈಯಲ್ಲಿ ಚರ್ಮ ಚರ್ಮಕ್ಕೆ ತಾಗುವ ಜಾಗಗಳಿವೆ. ಕಂಕುಳು, ಮೊಲೆಯ ಕೆಳಗಿನ ಮಡಿಕೆ, ತೊಡೆಸಂದು, ದಪ್ಪ ಕತ್ತಿನ ಸುಕ್ಕು. ಅಲ್ಲಿ ಮೇಲಿನ ಮಡಿಕೆಯೇ ಹೊದಿಕೆಯಂತಾಗಿ, ಕೆಳಗಿನ ಚರ್ಮಕ್ಕೆ ಕಿರಣದ ಪೂರ್ತಿ ಪಾಲು ಬೀಳುತ್ತದೆ. ಬೆವರು ನಿಲ್ಲುವುದೂ ಅಲ್ಲೇ, ಗಾಳಿಯಾಡದಿರುವುದೂ ಅಲ್ಲೇ, ಉಜ್ಜುವುದೂ ಅಲ್ಲೇ. ನಂಜಾಗುವುದು ಬಹುತೇಕ ಅಲ್ಲಿಂದಲೇ ಶುರು.

ಚರ್ಮದ ತಳದಲ್ಲಿ ಹೊಸ ಕೋಶ ಹುಟ್ಟುತ್ತಲೇ ಇರುತ್ತದೆ. ಅದು ಮೇಲೇರಿ, ಒಣಗಿ, ಉದುರಲು ಸುಮಾರು ನಾಲ್ಕು ವಾರ ಬೇಕು. ವಿಭಜನೆಯಾಗುವ ಕೋಶಗಳೇ ಕಿರಣಕ್ಕೆ ಬೇಗ ಸಾಯುತ್ತವೆ. ಫ್ರಾನ್ಸಿನ ಬರ್ಗೊನಿಯೆ ಮತ್ತು ಟ್ರಿಬಾಂಡೊ 1906ರಲ್ಲೇ ಇದನ್ನು ಹೇಳಿದ್ದರು. ದಿನಕ್ಕೆ ಸುಮಾರು 2 ಗ್ರೇಯಂತೆ (ಗ್ರೇ ಎಂದರೆ ಮೈ ಹೀರಿದ ಕಿರಣದ ಅಳತೆ) ಕಿರಣ ಕೊಡುತ್ತಾ ಹೋದಾಗ ಎರಡು ಮೂರು ವಾರದೊಳಗೆ ಚರ್ಮ ಬಿಸಿಯಾಗಿ ಬಣ್ಣ ಬದಲಾಗುತ್ತದೆ, ನವೆ ಬರುತ್ತದೆ. ಆಮೇಲೆ ಒಣಸಿಪ್ಪೆ ಏಳುತ್ತದೆ. 40 ಗ್ರೇ ದಾಟಿದ ಮೇಲೆ ಕೆಲವರಿಗೆ ಸಿಪ್ಪೆಯ ಕೆಳಗಿನ ಹಸಿಚರ್ಮ ಬಯಲಾಗಿ ರಸಿ ಒಸರುತ್ತದೆ. ವಿಕಿರಣ ಪಡೆಯುವ ಹತ್ತರಲ್ಲಿ ಒಂಬತ್ತು ಮಂದಿಗಾದರೂ ಒಂದಲ್ಲ ಒಂದು ಮಟ್ಟದ ಚರ್ಮದ ತೊಂದರೆ ಆಗುತ್ತದೆ. ಇದು ಚಿಕಿತ್ಸೆ ಕೆಟ್ಟಿತೆಂಬುದರ ಸೂಚನೆಯಲ್ಲ, ಯಾರೋ ಹೆಚ್ಚು ಕರೆಂಟ್ ಬಿಟ್ಟರೆಂಬುದರ ಗುರುತೂ ಅಲ್ಲ.

ಇಲ್ಲೊಂದು ತೊಡಕನ್ನು ಹೇಳಲೇಬೇಕು. ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಬಹುಪಾಲು ಇರುವುದು ಬಿಳಿಯರ ಚರ್ಮ. ಅಲ್ಲಿ ಕೆಂಪು ಎದ್ದು ಕಾಣುತ್ತದೆ. ಮೈಸೂರು ಸೀಮೆಯ ಕಪ್ಪು, ಎಣ್ಣೆಗಪ್ಪು ಮೈಯಲ್ಲಿ ಕೆಂಪು ಕಾಣುವುದಿಲ್ಲ. ಅಲ್ಲಿ ಅದು ಇನ್ನಷ್ಟು ಕಪ್ಪಾಗಿಯೋ ನೇರಳೆ ಛಾಯೆಯಾಗಿಯೋ ಕಾಣುತ್ತದೆ. "ಸ್ವಲ್ಪ ಕಪ್ಪಾಗದೆ ಅಷ್ಟೆಯಾ" ಎಂದು ಮನೆಯವರೂ, ಅವಸರದಲ್ಲಿದ್ದರೆ ಆಸ್ಪತ್ರೆಯವರೂ ದಾಟಿಬಿಡುತ್ತಾರೆ. ಇಂಥ ಮೈಗೆ ಕಣ್ಣಿಗಿಂತ ಕೈಯೇ ಒಳ್ಳೆಯ ಪರೀಕ್ಷಕ. ಅಂಗೈ ಹಿಂಬದಿಯನ್ನು ಇಟ್ಟು ನೋಡಿದರೆ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಬಿಗಿದಿದೆಯೇ, ಮುಟ್ಟಿದರೆ ನೋಯುತ್ತದೆಯೇ ಎಂಬುದು ತಿಳಿಯುತ್ತದೆ.

ಈಗ ಮೂಗಿನ ಮಾತು. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯ ಸದ್ದಿಲ್ಲದೆ ವಾಸವಾಗಿರುತ್ತದೆ. ಆರೋಗ್ಯವಂತರಿಗೆ ಅದರಿಂದ ಬಾಧೆಯಿಲ್ಲ. ಕಿರಣದಿಂದ ಚರ್ಮದ ಬೇಲಿ ಮುರಿದಾಗ ಮಾತ್ರ ಅದು ಕೈಯಿಂದ, ಬಟ್ಟೆಯಿಂದ, ಉಗುರಿನಿಂದ ಗಾಯಕ್ಕೆ ಇಳಿಯುತ್ತದೆ. ನ್ಯೂಯಾರ್ಕಿನ ಮಾಂಟೆಫಿಯೋರ್ ಐನ್‌ಸ್ಟೈನ್ ಆಸ್ಪತ್ರೆಯ ಚರ್ಮವೈದ್ಯರು ಈ ಸಂಬಂಧವನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದರು. ಚಿಕಿತ್ಸೆಗೆ ಮೊದಲೇ ಮೂಗಿನಲ್ಲಿ ಈ ಬ್ಯಾಕ್ಟೀರಿಯ ಇದ್ದವರಲ್ಲಿ ಚರ್ಮದ ತೊಂದರೆ ಹೆಚ್ಚು ತೀವ್ರವಾಗಿತ್ತು. ಆಮೇಲೆ ಅವರು 77 ಮಂದಿಯನ್ನು ಎರಡು ಗುಂಪು ಮಾಡಿದರು. ಅವರಲ್ಲಿ ಬಹುಪಾಲು ಸ್ತನ ಕ್ಯಾನ್ಸರಿನವರು. ಒಂದು ಗುಂಪು ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಮೈ ತೊಳೆದು, ಮೂಗಿಗೆ ಮ್ಯುಪಿರೊಸಿನ್ ಮುಲಾಮು ಹಚ್ಚಿಕೊಂಡಿತು. ಇನ್ನೊಂದು ಗುಂಪಿಗೆ ಎಂದಿನ ಆರೈಕೆ. ಎಂದಿನ ಆರೈಕೆಯವರಲ್ಲಿ ನೂರಕ್ಕೆ 23.7 ಮಂದಿಗೆ ಚರ್ಮ ಸುಲಿದು ರಸಿ ಒಸರುವ ಹಂತ ಬಂತು. ಮೈ ತೊಳೆದು ಮೂಗಿಗೆ ಮುಲಾಮು ಹಚ್ಚಿಕೊಂಡವರಲ್ಲಿ ಒಬ್ಬರಿಗೂ ಬರಲಿಲ್ಲ.

ಚಿಕ್ಕ ಅಧ್ಯಯನ, ನಿಜ. ಆದರೂ ಅದು ಹೇಳುತ್ತಿರುವುದು ದೊಡ್ಡ ಮಾತು. ಕಿರಣದ ಗಾಯ ಎಂದು ಇಷ್ಟು ದಿನ ಒಪ್ಪಿಕೊಂಡು ಕೂತಿದ್ದರಲ್ಲಿ ಒಂದು ಪಾಲು ಬ್ಯಾಕ್ಟೀರಿಯದ ಕೆಲಸವಾಗಿತ್ತು. ಕಿರಣವನ್ನು ತಪ್ಪಿಸುವಂತಿಲ್ಲ, ಬ್ಯಾಕ್ಟೀರಿಯವನ್ನು ತಡೆಯಬಹುದು. ಆ ಮುಲಾಮನ್ನು ಔಷಧದಂಗಡಿಯಲ್ಲಿ ಕೇಳಿ ತಂದು ತಾವೇ ಹಚ್ಚಿಕೊಳ್ಳುವುದು ಬೇಡ, ವೈದ್ಯರನ್ನು ಕೇಳಿಯೇ ಹಚ್ಚಬೇಕು. ಆದರೆ ಬರಿಯ ನೀರಿನಿಂದ ಮೈ ತೊಳೆಯುವುದಕ್ಕೆ ಯಾರ ಚೀಟಿಯೂ ಬೇಕಿಲ್ಲ.

ತೊಳೆದರೆ ಚರ್ಮ ಕೆಡುತ್ತದೆ ಎಂಬ ಭಯ ಹಳ್ಳಿಯವರದ್ದು ಮಾತ್ರ ಅಲ್ಲ. ಬಹಳ ಕಾಲ ದೊಡ್ಡ ದೊಡ್ಡ ದೇಶಗಳ ಆಸ್ಪತ್ರೆಗಳೂ ಹಾಗೆಯೇ ಹೇಳುತ್ತಿದ್ದವು. ಕೆನಡಾದ ಕ್ವಿಬೆಕ್‌ನಲ್ಲಿ ಸ್ತನ ಕ್ಯಾನ್ಸರಿಗೆ ಕಿರಣ ಪಡೆಯುತ್ತಿದ್ದ 99 ಹೆಂಗಸರನ್ನು ಎರಡು ಪಾಲು ಮಾಡಿ ನೋಡಿದರು. ಅರ್ಧದಷ್ಟು ಮಂದಿ ಆ ಜಾಗವನ್ನು ತೊಳೆಯಲೇ ಇಲ್ಲ. ಉಳಿದರ್ಧ ಮಂದಿ ನೀರು, ಸೌಮ್ಯ ಸೋಪಿನಿಂದ ತೊಳೆದರು. ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ತೊಳೆಯದವರಲ್ಲಿ ನೂರಕ್ಕೆ 33 ಮಂದಿಗೆ ಚರ್ಮ ಸುಲಿದು ಒಸರಿತು, ತೊಳೆದವರಲ್ಲಿ ನೂರಕ್ಕೆ 14 ಮಂದಿಗೆ. ಹದಿನಾರು, ಸುತ್ತೂರು, ಮೂಗೂರು, ತಲಕಾಡಿನ ಕಡೆಯಿಂದ ಚಿಕಿತ್ಸೆಗೆ ಹೋಗುವ ಪ್ರತಿಯೊಬ್ಬರ ಕಿವಿಗೂ ಬೀಳಬೇಕಾದ ಅಂಕಿ ಇದು.

ಹಾಗಾದರೆ ಗೆರೆ? ಈಗ ಹಲವು ಕಡೆ ಸೂಜಿಮೊನೆಯಷ್ಟರ ಹಚ್ಚೆಚುಕ್ಕೆ ಹಾಕುತ್ತಾರೆ, ಅದು ನೀರಿಗೆ ಹೋಗುವುದಿಲ್ಲ. ಗಂಟಲು, ಬಾಯಿಯ ಕ್ಯಾನ್ಸರಿನವರಿಗೆ ಮುಖವಾಡದಂಥ ಅಚ್ಚು ಮಾಡಿ, ಗುರುತನ್ನು ಅದರ ಮೇಲೆಯೇ ಬರೆಯುತ್ತಾರೆ. ಬಣ್ಣದ ಗೆರೆಯೇ ಇದ್ದರೂ ಉಗುರುಬೆಚ್ಚಗಿನ ನೀರನ್ನು ಚೊಂಬಿನಿಂದ ಮೆಲ್ಲಗೆ ಸುರಿದುಕೊಂಡರೆ, ಉಜ್ಜದಿದ್ದರೆ, ಅದು ಒಂದೇ ದಿನಕ್ಕೆ ಹೋಗುವುದಿಲ್ಲ; ಮಾಸಿದರೆ ಮರುದಿನ ಹೇಳಿದರಾಯಿತು, ತಂತ್ರಜ್ಞರು ಮತ್ತೆ ಎಳೆಯುತ್ತಾರೆ. ಮಾಸಿದ್ದನ್ನು ಮನೆಯಲ್ಲಿ ತಾವೇ ಪೆನ್ನಿನಿಂದ ತಿದ್ದಿಕೊಂಡು ಹೋಗುವುದು ಮಾತ್ರ ಅಪಾಯ. ಕುದಿಯುವ ಹಂಡೆನೀರು, ಸೀಗೆಪುಡಿ, ತೆಂಗಿನ ನಾರು, ಒರಟು ಟವೆಲು ಕಿರಣ ಬಿದ್ದ ಜಾಗಕ್ಕೆ ಸಲ್ಲವು. ಹಳೆಯ ಮೆತ್ತನೆಯ ಹತ್ತಿ ಪಂಚೆಯ ತುಂಡನ್ನು ಒಗೆದು ಬಿಸಿಲಲ್ಲಿ ಒಣಗಿಸಿ, ಒತ್ತಿ ಒತ್ತಿ ನೀರು ಹೀರಿಸಿದರೆ ಸಾಕು. ಆ ತುಂಡು ರೋಗಿಗೇ ಮೀಸಲಿರಬೇಕು.

ನದಿಯ ಸ್ನಾನ ಬೇರೆ ವಿಷಯ. ನಂಜನಗೂಡಿನಲ್ಲಿ ಕಪಿಲೆ ಇದೆ, ತಿರುಮಕೂಡಲಿನಲ್ಲಿ ಕಾವೇರಿ ಕಪಿಲೆಯರ ಸಂಗಮವೇ ಇದೆ. 1989ರಿಂದ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಅಲ್ಲಿ ಕುಂಭಮೇಳ ನಡೆಯುತ್ತದೆ, 2025ರ ಫೆಬ್ರುವರಿಯಲ್ಲೂ ನಡೆಯಿತು. ಕಾಯಿಲೆ ಬಂದ ಮನೆಯವರಿಗೆ ಅಲ್ಲಿ ಮುಳುಗಿ ಏಳಬೇಕು, ನಂಜುಂಡನಿಗೆ ಉರುಳುಸೇವೆ ಮಾಡಬೇಕು ಎನ್ನಿಸುವುದು ಸಹಜ. ಆ ಹರಕೆಯನ್ನು ಯಾರೂ ಹಗುರ ಮಾಡಬಾರದು. ಆದರೆ ಸುಲಿದ ಚರ್ಮವನ್ನು ಸಾವಿರಾರು ಜನ ಮಿಂದ ನೀರಿನಲ್ಲಿ ಮುಳುಗಿಸಿದರೆ, ಕಲ್ಲುಹಾಸಿನ ಮೇಲೆ ಉರುಳಿಸಿದರೆ, ನಂಜನ್ನು ಕರೆದು ಕೂರಿಸಿದಂತೆ. ಅಲ್ಲಿನ ಪವಿತ್ರ ಮಣ್ಣಾದ ಮೃತ್ತಿಕೆಯನ್ನು ಹಣೆಗೆ ಇಟ್ಟುಕೊಳ್ಳಬಹುದು, ತೆರೆದ ಗಾಯಕ್ಕೆ ಹಚ್ಚುವಂತಿಲ್ಲ. ಮಣ್ಣಿನಲ್ಲಿ ಧನುರ್ವಾಯುವಿನ ಬೀಜವೂ ಇರುತ್ತದೆ. ತೀರ್ಥವನ್ನು ತಲೆಗೆ ಪ್ರೋಕ್ಷಿಸಿಕೊಂಡು ಬಂದು, ಚರ್ಮ ಪೂರ್ತಿ ಮಾಯ್ದ ಮೇಲೆ ಹರಕೆ ತೀರಿಸಿದವರು ಎಷ್ಟೋ ಮಂದಿ ಇದ್ದಾರೆ.

ನಂಜೆಲ್ಲ ಬ್ಯಾಕ್ಟೀರಿಯದ್ದೇ ಅಲ್ಲ. ಮೊಲೆಯ ಕೆಳಗೆ, ತೊಡೆಸಂದಿನಲ್ಲಿ ಒದ್ದೆ ನಿಂತರೆ ಕ್ಯಾಂಡಿಡ ಎಂಬ ಶಿಲೀಂಧ್ರ ಬೆಳೆಯುತ್ತದೆ. ಮಾಂಸಗೆಂಪು ಪಟ್ಟೆ, ಅಂಚಿನಲ್ಲಿ ಸಾಸಿವೆಕಾಳಿನಂಥ ಗುಳ್ಳೆ, ತಡೆಯಲಾರದ ನವೆ. ಗರ್ಭಕೊರಳಿನ ಕ್ಯಾನ್ಸರಿಗೆ ಕಿರಣ ಪಡೆಯುವ ಹೆಂಗಸರು ನಾಚಿಕೆಯಿಂದ ಇದನ್ನು ಹೇಳುವುದೇ ಇಲ್ಲ. ಹೇಳದೆ, ಔಷಧದಂಗಡಿಯಲ್ಲಿ ಹುಳುಕಡ್ಡಿಗೆ ಕೊಡುವ ಟ್ಯೂಬು ತರಿಸಿ ಹಚ್ಚುತ್ತಾರೆ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಬಲವಾದ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನ ನವೆ ನಿಲ್ಲುತ್ತದೆ, ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ವೈದ್ಯರೇ ಕೆಲವು ಸಲ ಚರ್ಮದ ಉರಿಗೆ ಸ್ಟೀರಾಯ್ಡ್ ಮುಲಾಮು ಬರೆದುಕೊಡುವುದುಂಟು. ಅದು ನೋಡಿ, ಅಳೆದು ಕೊಟ್ಟದ್ದು. ಅಂಗಡಿಯವರು ಗಾಯವನ್ನು ನೋಡಿರುವುದೇ ಇಲ್ಲ.

ಮೂರನೆಯದು ಸರ್ಪಸುತ್ತು. ಚಿಕ್ಕಂದಿನಲ್ಲಿ ಬಂದು ಹೋದ ಸೀತಾಳೆ ಸಿಡುಬಿನ, ಅಂದರೆ ಚಿಕನ್‌ಪಾಕ್ಸಿನ, ವೈರಾಣು ನರದ ಬುಡದಲ್ಲಿ ಮಲಗಿರುತ್ತದೆ. ಕ್ಯಾನ್ಸರ್ ಮತ್ತು ಅದರ ಚಿಕಿತ್ಸೆಯಿಂದ ಮೈಯ ಕಾವಲು ಸಡಿಲವಾದಾಗ ಅದು ಎದ್ದು, ಮೈಯ ಒಂದೇ ಬದಿಗೆ ಪಟ್ಟಿಯಂತೆ ನೀರುಗುಳ್ಳೆ ಎಬ್ಬಿಸುತ್ತದೆ. ಹಳ್ಳಿಯಲ್ಲಿ ಇದಕ್ಕೆ ಕೆಮ್ಮಣ್ಣು ಬಳಿಸುವುದು ರೂಢಿ. ಇಲ್ಲಿ ಕಳೆದುಹೋಗುವುದು ಕಾಲ. ವೈರಾಣುವನ್ನು ತಡೆಯುವ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ ಕೊಡುತ್ತದೆ. ಬಳಿಸಿಕೊಂಡು, ಒಣಗಲು ಕಾದು, ಒಂದು ವಾರ ಬಿಟ್ಟು ಹೋದವರಿಗೆ ಗುಳ್ಳೆ ಮಾಯ್ದ ಮೇಲೂ ತಿಂಗಳುಗಟ್ಟಲೆ ಉರಿನೋವು ಉಳಿಯಬಹುದು.

ಅರಿಶಿನದ ಪ್ರಶ್ನೆ ಬಾರದೆ ಇರದು. ಈ ವಿಷಯದಲ್ಲಿ ಕರ್ನಾಟಕದಲ್ಲೇ ಒಂದು ಒಳ್ಳೆಯ ಅಧ್ಯಯನ ಆಗಿದೆ. ಮಂಗಳೂರಿನ ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜಿನವರು ತಲೆ, ಕತ್ತಿನ ಕ್ಯಾನ್ಸರಿಗೆ ಕಿರಣ ಪಡೆಯುತ್ತಿದ್ದ 50 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾರುಕಟ್ಟೆಯಲ್ಲಿ ಸಿಗುವ ಅರಿಶಿನ, ಗಂಧದೆಣ್ಣೆಯ ಕ್ರೀಮು. ಇನ್ನೊಂದಕ್ಕೆ ಮಕ್ಕಳಿಗೆ ಹಚ್ಚುವ ಬೇಬಿ ಆಯಿಲ್. ಮೊದಲ ದಿನದಿಂದ ಚಿಕಿತ್ಸೆ ಮುಗಿದ ಎರಡು ವಾರದವರೆಗೂ ಹಚ್ಚಿದರು. ಏಳನೆಯ ವಾರದಲ್ಲಿ ಎರಡೂ ಗುಂಪಿನವರಿಗೆ ಚರ್ಮದ ತೊಂದರೆ ಹೆಚ್ಚಿತ್ತು, ಆದರೆ ಅರಿಶಿನದ ಕ್ರೀಮು ಹಚ್ಚಿದವರಲ್ಲಿ ಅದರ ತೀವ್ರತೆ ಕಡಿಮೆ. 2014ರಲ್ಲಿ ಇದು ಬ್ರಿಟಿಷ್ ಜರ್ನಲ್ ಆಫ್ ರೇಡಿಯಾಲಜಿಯಲ್ಲಿ ಪ್ರಕಟವಾಯಿತು. ಆದರೆ ಅರಿಶಿನದ ಸಾರವಾದ ಕರ್ಕ್ಯುಮಿನ್ ಗುಳಿಗೆ ನುಂಗಿಸಿ ನೋಡಿದಾಗ ಬೇರೆಯೇ ಕಥೆ. ಅಮೆರಿಕದಲ್ಲಿ 30 ಮಂದಿಯ ಮೇಲಿನ ಮೊದಲ ಪರೀಕ್ಷೆ ಆಸೆ ಹುಟ್ಟಿಸಿತು, 686 ಮಂದಿಯ ಮೇಲಿನ ದೊಡ್ಡ ಪರೀಕ್ಷೆಯಲ್ಲಿ ಪ್ರಯೋಜನ ಕಾಣಲಿಲ್ಲ. ಲೋಳೆಸರವೂ ಹಾಗೆಯೇ: ಆಸ್ಟ್ರೇಲಿಯಾದ 225 ಹೆಂಗಸರ ಮೇಲಿನ ಅಧ್ಯಯನದಲ್ಲಿ ಅದಕ್ಕಿಂತ ಮಾಮೂಲಿ ನೀರುಕ್ರೀಮೇ ಮೇಲಾಯಿತು.

ಮಂಗಳೂರಿನ ಪರೀಕ್ಷೆಯಲ್ಲಿ ಹಚ್ಚಿದ್ದು ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಾದ ಕ್ರೀಮು, ಅದೂ ಸುಲಿಯುವ ಮೊದಲಿಂದಲೇ. ಅಡುಗೆಮನೆಯ ಡಬ್ಬದ ಅರಿಶಿನಪುಡಿಯನ್ನು ಹರಳೆಣ್ಣೆಯಲ್ಲಿ ಕಲಸಿ ರಸಿ ಒಸರುವ ಗಾಯಕ್ಕೆ ಮೆತ್ತುವುದು ಬೇರೆ. ಆ ಮೆತ್ತೆ ಒಣಗಿ ಹೊಪ್ಪಳಿಕೆಯಾಗುತ್ತದೆ, ಕೆಳಗೆ ಕೀವು ಕಟ್ಟುತ್ತದೆ, ಮೇಲೆ ನೋಡುವವರಿಗೆ ಹಳದಿ ಬಿಟ್ಟು ಬೇರೇನೂ ಕಾಣುವುದಿಲ್ಲ.

ಬಾಳೆಲೆಯ ಕಥೆಯೂ ಇದೇ. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಸುಟ್ಟಗಾಯಕ್ಕೆ ಬಾಳೆಲೆಯ ಪಟ್ಟಿ ಕಟ್ಟಿ ನೋಡಿ, 2003ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಮೇಣದಂಥ ನುಣುಪಿರುವುದರಿಂದ ಎಲೆ ಗಾಯಕ್ಕೆ ಅಂಟುವುದಿಲ್ಲ, ಬಿಚ್ಚುವಾಗ ನೋವಿಲ್ಲ, ಖರ್ಚೂ ಕಡಿಮೆ. ರಸಬಾಳೆಯ ನಾಡಿನವರಿಗೆ ಕೇಳಲು ಹಿತವಾದ ಸುದ್ದಿ. ಆದರೆ ಅಲ್ಲಿ ಕಟ್ಟಿದ್ದು ಆಸ್ಪತ್ರೆಯಲ್ಲಿ ಕ್ರಿಮಿ ಕಳೆದು ಸಿದ್ಧಪಡಿಸಿದ ಎಲೆ, ಹಿತ್ತಲಲ್ಲಿ ಕೊಯ್ದದ್ದಲ್ಲ. ಅದರಿಂದ ಕಲಿಯಬಹುದಾದದ್ದು ಒಂದಿದೆ: ಗಾಯಕ್ಕೆ ಅಂಟುವ ಬಟ್ಟೆ ಕಟ್ಟಬಾರದು. ಒಣ ಗಾಜ್ (gauze) ಬಟ್ಟೆಯನ್ನು ನೇರ ಇಟ್ಟು ಕಟ್ಟಿದರೆ ಬಿಚ್ಚುವಾಗ ಹೊಸ ಚರ್ಮವೂ ಕಿತ್ತು ಬರುತ್ತದೆ. ಪ್ಯಾರಾಫಿನ್ ಸವರಿದ ಜಾಲರಿ ಬಟ್ಟೆ ಸಿಗುತ್ತದೆ. ಅಂಟಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸುಮಾರು 9 ಗ್ರಾಂ, ಅಂದರೆ ಒಂದೂವರೆ ಟೀ ಚಮಚ ಉಪ್ಪು ಹಾಕಿ, ಆ ನೀರಲ್ಲಿ ನೆನೆಸಿ ಬಿಡಿಸಬೇಕು. ದನಕರು ಕಟ್ಟಿದ ಮನೆಯಲ್ಲಿ ನೊಣದ ಕಾಟ ಇದ್ದೇ ಇರುತ್ತದೆ. ತೆರೆದ ಗಾಯಕ್ಕೆ ನೊಣ ಮೊಟ್ಟೆಯಿಟ್ಟರೆ ಹುಳ ಬೀಳುತ್ತದೆ. ಹಾಗಾಯಿತೆಂದು ಮುಚ್ಚಿಡುವ ಮನೆಗಳಿವೆ. ಮುಚ್ಚಿಡಬಾರದು, ಅದು ಯಾರ ಪಾಪದ ಫಲವೂ ಅಲ್ಲ. ಆಸ್ಪತ್ರೆಯಲ್ಲಿ ತೆಗೆಯುತ್ತಾರೆ, ವಾಸನೆಗೂ ಔಷಧವಿದೆ.

ಊಟದ ಪಥ್ಯವೇ ಬಹುಶಃ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು. ನಂಜಿನ ಪದಾರ್ಥ ಎಂದು ಮೊಟ್ಟೆ ಬಿಡಿಸುತ್ತಾರೆ, ಮೀನು, ಮಾಂಸ ಬಿಡಿಸುತ್ತಾರೆ, ಕೆಲವು ಮನೆಗಳಲ್ಲಿ ಬೇಳೆಯೂ ಹೋಗುತ್ತದೆ. ಕೊನೆಗೆ ಉಳಿಯುವುದು ಗಂಜಿ, ತಿಳಿಸಾರು. ಹೊಸ ಚರ್ಮ ಹುಟ್ಟಬೇಕಾದ ಹೊತ್ತಿಗೆ ಅದನ್ನು ಕಟ್ಟುವ ಸಾಮಗ್ರಿಯೇ ಮೈಗೆ ಸಿಗುವುದಿಲ್ಲ. ಮೊಟ್ಟೆ ತಿಂದರೆ ಕೀವಾಗುವುದಿಲ್ಲ, ಬದನೆಕಾಯಿಯಿಂದಲೂ ಆಗುವುದಿಲ್ಲ. ಹುರುಳಿಕಾಳಿನ ಬಸ್ಸಾರು, ಮುದ್ದೆ, ಹಾಲು, ಮೊಸರು, ಮೊಟ್ಟೆ, ಒಗ್ಗುವವರಿಗೆ ಮೀನು, ಇವೆಲ್ಲ ಬೇಕು. ಬಾಯಿ ಹುಣ್ಣಾದವರಿಗೆ ಖಾರ ಬಿಟ್ಟು, ಮೆತ್ತಗೆ ಮಾಡಿ. ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಹತೋಟಿಯಲ್ಲಿಡದೆ ಯಾವ ಮುಲಾಮೂ ಕೆಲಸ ಮಾಡದು. ಕಡ್ಡಿಪುಡಿ, ಹೊಗೆಸೊಪ್ಪು ಬಾಯಲ್ಲಿ ಇಟ್ಟುಕೊಂಡೇ ಗಂಟಲಿಗೆ ಕರೆಂಟ್ ಪಡೆಯುವವರೂ ಇದ್ದಾರೆ. ಅವರನ್ನು ಬಯ್ಯುವುದರಿಂದ ಬಿಡಿಸಲಾಗದು, ಜೊತೆಯಲ್ಲಿ ಕೂತು ಬಿಡಿಸಬೇಕಾಗುತ್ತದೆ.

ಕಿರಣದ ಕೆಂಪು ಯಾವುದು, ನಂಜಿನ ಕೆಂಪು ಯಾವುದು? ಇಲ್ಲಿ ಆ ಅಳಿಸಬಾರದ ಗೆರೆಯೇ ನೆರವಿಗೆ ಬರುತ್ತದೆ. ಕಿರಣದ ಗಾಯ ಬಹುತೇಕ ಕಿರಣ ಬಿದ್ದ ಜಾಗದೊಳಗೇ ಇರುತ್ತದೆ. ಬಿಸಿ, ಊತ, ಬಣ್ಣ ಅದನ್ನು ದಾಟಿ ತೋಳಿಗೋ ಬೆನ್ನಿಗೋ ಹರಡಿದರೆ ನಂಜನ್ನು ಶಂಕಿಸಬೇಕು. ಜೇನುಬಣ್ಣದ ಹೊಪ್ಪಳಿಕೆ, ಹಸಿರೋ ಹಳದಿಯೋ ಕೀವು, ದಿನದಿಂದ ದಿನಕ್ಕೆ ಏರುವ ನೋವು, ಕೆಟ್ಟ ವಾಸನೆ ಇದ್ದರೂ ಹಾಗೆಯೇ. ಚಳಿಯೊಂದಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ ಬಂದರೆ ಬೆಳಗಾಗಲೆಂದು ಕಾಯುವಂತಿಲ್ಲ. ಅದರಲ್ಲೂ ಕರೆಂಟಿನ ಜೊತೆಗೆ ಕೀಮೋ ಡ್ರಿಪ್ಪೂ ನಡೆಯುತ್ತಿದ್ದರೆ. ಬಿಳಿರಕ್ತಕಣ ಇಳಿದುಹೋದವರಲ್ಲಿ ಕೀವು ಕಟ್ಟದೆಯೂ ಇರಬಹುದು, ಏಕೆಂದರೆ ಕೀವೆಂದರೆ ಹೋರಾಡಿ ಸತ್ತ ಆ ಕಣಗಳೇ. "ಕೀವೇನೂ ಇಲ್ವಲ್ಲ" ಎಂದು ಮನೆಯವರು ಸಮಾಧಾನ ಪಟ್ಟುಕೊಂಡ ರಾತ್ರಿಯೇ ರಕ್ತಕ್ಕೆ ನಂಜೇರಬಹುದು.

ತೋರಿಸಿದರೆ ಚಿಕಿತ್ಸೆ ನಿಲ್ಲಿಸುತ್ತಾರೆಂಬ ಭಯ ಕೆಲವರಿಗೆ. ನಿಜವಾಗಿ ಆಗುವುದು ಅದಕ್ಕೆ ಉಲ್ಟಾ. ಬೇಗ ತೋರಿಸಿದರೆ ಎರಡು ದಿನದಲ್ಲಿ ಹತೋಟಿಗೆ ಬರುವುದು, ತಡವಾದರೆ ಎರಡು ವಾರ ಯಂತ್ರದಿಂದ ದೂರ ಇಡುತ್ತದೆ. ತಲೆ, ಕತ್ತಿನ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದು ದಿನ ಉದ್ದವಾದರೆ ಗೆಡ್ಡೆಯನ್ನು ಹತೋಟಿಗೆ ತರುವ ಸಾಧ್ಯತೆ ನೂರಕ್ಕೆ ಸುಮಾರು ಒಂದರಷ್ಟು ಇಳಿಯುತ್ತದೆಂಬುದು ತಜ್ಞರ ಲೆಕ್ಕ. ಚರ್ಮದ ನಂಜು ಚರ್ಮಕ್ಕಷ್ಟೇ ಸಂಬಂಧಿಸಿದ್ದಲ್ಲ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಶುರುವಾಯಿತು. ಇವತ್ತಿಗೂ ರಾಜ್ಯದ ಬಡವರು ಕ್ಯಾನ್ಸರ್ ಎಂದ ಕೂಡಲೇ ಮೊದಲು ಹೇಳುವ ಹೆಸರು ಅದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ, ವಿಕಿರಣವೂ ಸೇರಿ. ಆದರೆ ಮನೆಯಲ್ಲಿ ಬದಲಿಸಬೇಕಾದ ಜಾಲರಿ ಬಟ್ಟೆ, ಮುಲಾಮು, ಥರ್ಮಾಮೀಟರಿನ ಖರ್ಚು ಬಹುತೇಕ ಕೈಯಿಂದಲೇ. ಯಂತ್ರಕ್ಕೆ ಕೋಟಿಗಟ್ಟಲೆ ಕೊಡುವ ನಾಡಿನಲ್ಲಿ, ಆಶಾ ಕಾರ್ಯಕರ್ತೆಯ ಚೀಲದಲ್ಲಿ ನಾಲ್ಕು ಪ್ಯಾರಾಫಿನ್ ಬಟ್ಟೆ ಇರಿಸುವುದು, ಊರಿನ ಉಪಕೇಂದ್ರದ ನರ್ಸಮ್ಮನಿಗೆ ಈ ಗಾಯ ತೊಳೆಯುವುದನ್ನು ಕಲಿಸುವುದು ಆಗದ ಕೆಲಸವೇನಲ್ಲ. ದಿನ ಬಿಟ್ಟು ದಿನ ಗಾಯ ನೋಡಬಲ್ಲ ಒಂದು ಪಳಗಿದ ಕಣ್ಣು ಹದಿನಾರಿನಲ್ಲೇ ಇದ್ದರೆ ಎಷ್ಟೋ ರಾತ್ರಿಯ ಆಂಬುಲೆನ್ಸ್ ಓಟ ತಪ್ಪುತ್ತದೆ.

ಇನ್ನೊಂದು ಮಾತು, ಮೊಮ್ಮಕ್ಕಳ ಬಗ್ಗೆ. ಹೊರಗಿನ ಯಂತ್ರದಿಂದ ಕೊಟ್ಟ ಕಿರಣ ಮೈಯಲ್ಲಿ ಉಳಿಯುವುದಿಲ್ಲ, ಇನ್ನೊಬ್ಬರಿಗೆ ಹಾಯುವುದಿಲ್ಲ. ಕಪ್ಪಾದ ಚರ್ಮ ಅಂಟುರೋಗವೂ ಅಲ್ಲ. ಗಾಯ ಒಸರುತ್ತಿದ್ದರೆ ಟವೆಲು, ಹಾಸಿಗೆ ಬಟ್ಟೆ ಬೇರೆ ಇರಲಿ, ಮುಟ್ಟಿದ ಮೇಲೆ ಕೈ ತೊಳೆಯಲಿ. ಅಜ್ಜಿಯನ್ನು ಹಿತ್ತಲ ಕೋಣೆಗೆ ದೂಡಿ, ತಟ್ಟೆ ಲೋಟ ಬೇರೆ ಮಾಡುವುದಕ್ಕೆ ಯಾವ ಕಾರಣವೂ ಇಲ್ಲ.

ಕರೆಂಟಿನ ಕೊನೆಯ ದಿನ ಎಲ್ಲರಿಗೂ ನಿರಾಳ. ಚೀಟಿ ತೆಗೆದುಕೊಂಡು, ನಂಜನಗೂಡಿನ ಬಸ್ಸು ಹತ್ತಿ, ಇನ್ನು ಬರಬೇಕಿಲ್ಲ ಎಂದುಕೊಳ್ಳುತ್ತಾರೆ. ಆದರೆ ಚರ್ಮ ಅತಿ ಹೆಚ್ಚು ಕೆಡುವುದು ಆಮೇಲಿನ ಒಂದೆರಡು ವಾರದಲ್ಲಿ. ಅಷ್ಟು ದಿನ ದಿನವೂ ನೋಡುತ್ತಿದ್ದ ಆಸ್ಪತ್ರೆಯವರ ಕಣ್ಣು ಆಗ ಇರುವುದಿಲ್ಲ, ಗಾಯ ಮಾತ್ರ ಇರುತ್ತದೆ. ಮಾಯಲು ಇನ್ನೂ ಮೂರು ನಾಲ್ಕು ವಾರ ಬೇಕು. ಆದ್ದರಿಂದ ಕೊನೆಯ ದಿನವೇ ಮೂರು ವಿಷಯ ಕೇಳಿಕೊಂಡು ಬರಬೇಕು: ಹತ್ತು ದಿನದೊಳಗೆ ಯಾವತ್ತು ಬಂದು ತೋರಿಸಲಿ, ನಡುವೆ ಜ್ವರ ಬಂದರೆ ಯಾವ ನಂಬರಿಗೆ ಫೋನ್ ಮಾಡಲಿ, ಈ ಗೆರೆ ಇನ್ನು ಹೋದರೆ ಪರವಾಗಿಲ್ಲವೇ. ಮೂರನೆಯದಕ್ಕೆ ಉತ್ತರ, ಪರವಾಗಿಲ್ಲ ಎಂದೇ. ಉಜ್ಜಿ ತೆಗೆಯುವುದು ಬೇಡ. ದಿನವೂ ನಾಲ್ಕು ಚೊಂಬು ಉಗುರುಬೆಚ್ಚಗಿನ ನೀರು ಬೀಳುತ್ತಿದ್ದರೆ ಅದು ತಾನಾಗಿಯೇ ಮಾಸಿಹೋಗುತ್ತದೆ.